ಮನೆಯೇ ಪಾಠಶಾಲೆ: ಅಲಸಂದೆ ಕಾಳಿನಲ್ಲಿ ವಂಶದ ಲೆಕ್ಕ

ನಾಮಕರಣದ ದಿನ ತೊಟ್ಟಿಲ ಸುತ್ತ ನೆರೆದ ಹೆಂಗಸರು ಮೊಟ್ಟಮೊದಲು ಆಡುವ ಮಾತು ಯಾವುದೆಂಬುದನ್ನು ವಾಚಕರಿಗೆ ಹೇಳಬೇಕಾದುದಿಲ್ಲ. “ಮೂಗು ಅಜ್ಜನದು, ಹಣೆ ಸೋದರತ್ತೆಯದು, ನಗುವಾಗ ಮಾತ್ರ ತಾಯಿಯೇ” ಎಂದು ಒಬ್ಬೊಬ್ಬರೂ ಮಗುವಿನ ಒಂದೊಂದು ಅಂಗವನ್ನು ಒಬ್ಬೊಬ್ಬ ನಂಟರಿಗೆ ಹಂಚಿಕೊಡುತ್ತಾರೆ. ಪಕ್ಕದಲ್ಲಿ ನಿಂತು ಇದನ್ನು ಕೇಳುವ ಎಂಟು ಹತ್ತು ವರ್ಷದ ಹುಡುಗನೋ ಹುಡುಗಿಯೋ ಇದ್ದರೆ, “ಅಜ್ಜನ ಮೂಗು ಇವನಿಗೆ ಹೇಗೆ ಬಂತು?” ಎಂದು ಕೇಳದೆ ಬಿಡುವುದಿಲ್ಲ. “ರಕ್ತದಲ್ಲಿ ಬಂದದ್ದು” ಎಂಬ ಒಂದೇ ಮಾತಿನಿಂದ ನಾವು ಆ ಪ್ರಶ್ನೆಯನ್ನು ಮುಗಿಸಿಬಿಡುತ್ತೇವೆ.

ಈ ಉತ್ತರ ಸರಿಯಾದುದಲ್ಲ. ಬರಿಯ ತಪ್ಪು ಉತ್ತರವಾಗಿದ್ದರೆ ಅಷ್ಟು ಚಿಂತೆಯಿರಲಿಲ್ಲ. ಇದರ ಬೆನ್ನಹಿಂದೆ ಅನ್ಯಾಯವೂ ಮನೆಯೊಳಗೆ ಬರುತ್ತದೆ. ಮೂರನೆಯ ಮಗುವೂ ಹೆಣ್ಣಾಯಿತೆಂದು ಸೊಸೆಯನ್ನು ಹಳಿಯುವುದು, ಮಗುವಿನ ಬಣ್ಣ ಕಪ್ಪಾಯಿತೆಂದು ಅವಳ ತವರನ್ನು ದೂರುವುದು, ಕಾಯಿಲೆಯ ಮಗು ಹುಟ್ಟಿತೆಂದು ಯಾರದೋ ಪಾಪವನ್ನು ಹುಡುಕುವುದು, ಇವೆಲ್ಲವೂ ಗುಣಗಳು ತಂದೆತಾಯಿಗಳಿಂದ ಮಕ್ಕಳಿಗೆ ಇಳಿಯುವ ಬಗೆಯನ್ನು ಅರಿಯದುದರ ಫಲ. ಬೆಳೆದವರ ಮನಸ್ಸನ್ನು ತಿದ್ದುವುದು ಕಷ್ಟ. ಎಳೆಯರಿಗೆ ಸರಿಯಾದುದನ್ನು ಮೊದಲೇ ಕಲಿಸುವುದು ಸುಲಭ. ಅದಕ್ಕೆ ಪ್ರಯೋಗಶಾಲೆ ಬೇಡ. ಅಡಿಗೆಮನೆಯ ಕಾಳಿನ ಡಬ್ಬಿಗಳೂ ಹಿತ್ತಿಲಿನ ಎರಡು ಹೂವಿನ ಗಿಡಗಳೂ ಸಾಕು.

ಮೊದಲು ಮಕ್ಕಳಿಗೆ ಒಂದು ಕಥೆಯನ್ನು ಹೇಳಬೇಕು. ಹಿಂದಿನ ಪಂಡಿತರಲ್ಲಿ ಬಹುಮಂದಿ, ಹಾಲಿಗೆ ಡಿಕಾಕ್ಷನ್ ಬೆರೆಸಿದಂತೆ ತಂದೆಯ ಗುಣವೂ ತಾಯಿಯ ಗುಣವೂ ಮಗುವಿನಲ್ಲಿ ಬೆರೆತುಹೋಗುತ್ತವೆಂದು ನಂಬಿದ್ದರು. ಬೆರೆತ ಕಾಫಿಯಿಂದ ಹಾಲನ್ನು ಮರಳಿ ತೆಗೆಯುವುದು ಯಾರಿಂದಲೂ ಆಗದು. ಹಾಗಿದ್ದಲ್ಲಿ ಅಜ್ಜಿಯ ಬೆಕ್ಕಿನ ಕಣ್ಣು ಮಗನಲ್ಲಿ ಕಾಣದೆ ಮೊಮ್ಮಗಳಲ್ಲಿ ಮರಳಿ ಕಾಣಿಸಿಕೊಳ್ಳುವುದು ಹೇಗೆ? ಈ ಒಗಟನ್ನು ಬಿಡಿಸಿದವನು ಇಂದಿನ ಚೆಕ್ ದೇಶದಲ್ಲಿರುವ ಬ್ರನೋ ಪಟ್ಟಣದ ಒಂದು ಕ್ರೈಸ್ತ ಮಠದ ಸಂನ್ಯಾಸಿ, ಗ್ರೆಗೊರ್ ಮೆಂಡೆಲ್. ಆತನು ೧೮೫೬ರಿಂದ ೧೮೬೩ರವರೆಗೆ ಮಠದ ತೋಟದಲ್ಲಿ ಬಟಾಣಿ ಗಿಡಗಳನ್ನು ಬೆಳೆಸಿ, ಒಂದರ ಪರಾಗವನ್ನು ಮತ್ತೊಂದಕ್ಕೆ ಕೈಯಿಂದ ಮುಟ್ಟಿಸಿ, ಬಂದ ಕಾಳುಗಳನ್ನು ಒಂದೊಂದಾಗಿ ಎಣಿಸಿದನು.

ದುಂಡನೆಯ ಕಾಳಿನ ಗಿಡವನ್ನೂ ಸುಕ್ಕುಗಾಳಿನ ಗಿಡವನ್ನೂ ಕೂಡಿಸಿದಾಗ ಮೊದಲ ಪೀಳಿಗೆಯಲ್ಲಿ ಬಂದ ಕಾಳುಗಳೆಲ್ಲವೂ ದುಂಡಗಿದ್ದವು. ಸುಕ್ಕು ಅಳಿದೇಹೋಯಿತೆಂದು ತೋರಿತು. ಆದರೆ ಆ ದುಂಡುಕಾಳುಗಳನ್ನೇ ಬಿತ್ತಿ ಮುಂದಿನ ಪೀಳಿಗೆಯನ್ನು ಪಡೆದಾಗ ೭,೩೨೪ ಕಾಳುಗಳಲ್ಲಿ ೫,೪೭೪ ದುಂಡಗೂ ೧,೮೫೦ ಸುಕ್ಕಾಗಿಯೂ ಇದ್ದವು. ಅಂದರೆ ಮೂರಕ್ಕೆ ಒಂದು. ಪ್ರತಿಯೊಂದು ಗುಣಕ್ಕೂ ಗಿಡದಲ್ಲಿ ಎರಡು ಅಂಶಗಳಿರುತ್ತವೆ, ತಂದೆಯ ಕಡೆಯದು ಒಂದು, ತಾಯಿಯ ಕಡೆಯದು ಒಂದು; ಸಂತಾನಕ್ಕೆ ಇವೆರಡರಲ್ಲಿ ಯಾವುದಾದರೊಂದು ಮಾತ್ರ ಹೋಗುತ್ತದೆ; ಒಂದು ಅಂಶ ಇನ್ನೊಂದನ್ನು ಮರೆಮಾಡಬಹುದೇ ಹೊರತು ಅಳಿಸಲಾರದು ಎಂದು ಆತನು ತೀರ್ಮಾನಿಸಿದನು. ೧೮೬೫ರಲ್ಲಿ ಓದಿ ೧೮೬೬ರಲ್ಲಿ ಅಚ್ಚುಮಾಡಿಸಿದ ಈ ಪ್ರಬಂಧವನ್ನು ಲೋಕವು ಲಕ್ಷ್ಯಕ್ಕೆ ತಂದುಕೊಳ್ಳಲಿಲ್ಲ. ಮೆಂಡೆಲ್ ೧೮೮೪ರಲ್ಲಿ ತೀರಿಕೊಂಡ ಮೇಲೆ, ೧೯೦೦ರಲ್ಲಿ ಬೇರೆ ಬೇರೆ ವಿದ್ವಾಂಸರು ಅದನ್ನು ಹೊಸದಾಗಿ ಬೆಳಕಿಗೆ ತಂದರು. ಆತನ ಅಂಶಗಳಿಗೆ ಇಂದು ವಂಶವಾಹಿಗಳೆಂದು ಹೆಸರು. ಅವು ಜೀವಕೋಶದೊಳಗಿನ ವರ್ಣತಂತುಗಳೆಂಬ ಸೂಕ್ಷ್ಮವಾದ ಎಳೆಗಳಲ್ಲಿರುತ್ತವೆ. ಮನುಷ್ಯನಲ್ಲಿ ಅಂತಹ ಎಳೆಗಳು ೨೩ ಜೋಡಿ.

ಕಥೆ ಇಷ್ಟು ಸಾಕು. ಇನ್ನು ಆಟ.

ಮೊದಲನೆಯ ಆಟಕ್ಕೆ ಒಂದೇ ಗಾತ್ರದ ಕೆಂಪು ಅಲಸಂದೆ, ಬಿಳಿ ಅಲಸಂದೆ ಕಾಳುಗಳನ್ನು ಆರಿಸಿಕೊಳ್ಳಿರಿ. ಕಣ್ಣುಮುಚ್ಚಿ ತೆಗೆಯುವಾಗ ಬೆರಳಿಗೆ ಭೇದ ತಿಳಿಯಕೂಡದು. ಆದಕಾರಣ ಅವರೆಯನ್ನೂ ಕಡಲೆಯನ್ನೂ ಬೆರೆಸಿದರೆ ಆಟ ಕೆಡುತ್ತದೆ. ಚೌಕಾಬಾರದಲ್ಲಿ ಎಸೆಯುವ ಒಂದು ಮಗ್ಗುಲು ತೇದ ಹುಣಸೆಬೀಜವೂ ಇಲ್ಲಿಗೆ ಒದಗದು, ಏಕೆಂದರೆ ಅದು ಎರಡು ಮಗ್ಗುಲಿಗೂ ಸಮನಾಗಿ ಬೀಳುವುದಿಲ್ಲ. ಎರಡು ಡಬ್ಬಿಗಳನ್ನು ತೆಗೆದುಕೊಂಡು ಒಂದಕ್ಕೆ ತಂದೆಯೆಂದೂ ಇನ್ನೊಂದಕ್ಕೆ ತಾಯಿಯೆಂದೂ ಚೀಟಿ ಅಂಟಿಸಿ, ಪ್ರತಿಯೊಂದರಲ್ಲಿಯೂ ೫೦ ಕೆಂಪು, ೫೦ ಬಿಳಿ ಕಾಳುಗಳನ್ನು ಹಾಕಿ ಚೆನ್ನಾಗಿ ಕಲಕಿರಿ. ಮಗುವು ಕಣ್ಣುಮುಚ್ಚಿ ಎರಡರಿಂದಲೂ ಒಂದೊಂದು ಕಾಳನ್ನು ತೆಗೆಯಲಿ. ಆ ಜೋಡಿಯೇ ಒಂದು ಸಂತಾನ. ಅದನ್ನು ಕಾಗದದ ಮೇಲೆ ಗುರುತುಮಾಡಿ, ಕಾಳುಗಳನ್ನು ಆಯಾ ಡಬ್ಬಿಗೇ ಮರಳಿ ಹಾಕಿ, ಮತ್ತೆ ಕಲಕಿ ತೆಗೆಯಬೇಕು. ಹೀಗೆ ನೂರು ಸಾರಿ ಆಗಲಿ.

ಎರಡೂ ಕೆಂಪಾದುವು ಸುಮಾರು ೨೫, ಎರಡೂ ಬಿಳಿಯಾದುವು ಸುಮಾರು ೨೫, ಒಂದು ಕೆಂಪು ಒಂದು ಬಿಳಿಯಾದುವು ಸುಮಾರು ೫೦ ಬರುತ್ತವೆ. ಕೆಂಪು ಬಿಳಿಯನ್ನು ಮರೆಮಾಡುತ್ತದೆಂದು ಆಟದ ನಿಯಮವಿದ್ದರೆ, ಹೊರನೋಟಕ್ಕೆ ಕೆಂಪು ೭೫, ಬಿಳಿ ೨೫. ಮೆಂಡೆಲನ ಮೂರಕ್ಕೊಂದು ಇದೇ. ಈಗ ಮಗುವನ್ನು ಕೇಳಿರಿ: ತಂದೆತಾಯಿ ಇಬ್ಬರೂ ನೋಡಲು ಕೆಂಪಾಗಿರುವಾಗ ಈ ಬಿಳಿಯ ಸಂತಾನ ಎಲ್ಲಿಂದ ಬಂತು? ಉತ್ತರವನ್ನು ಮಗು ತಾನೇ ಕಂಡುಕೊಳ್ಳುತ್ತದೆ. ಅಜ್ಜಿಯ ಬೆಕ್ಕಿನ ಕಣ್ಣು ಮಗನಲ್ಲಿ ಅಡಗಿ ಕುಳಿತು ಮೊಮ್ಮಗಳಲ್ಲಿ ಹೊರಬರುವುದು ಹೇಗೆಂಬುದೂ ಅದಕ್ಕೆ ಹೊಳೆಯುತ್ತದೆ.

ಇಲ್ಲಿ ಹಿರಿಯರು ಒಂದು ವಿಷಯದಲ್ಲಿ ಎಚ್ಚರದಿಂದಿರಬೇಕು. ಎಣಿಕೆಯಲ್ಲಿ ೨೫ರ ಬದಲು ೨೧ ಬಂದರೆ ಅದನ್ನು ೨೫ ಎಂದು ತಿದ್ದಗೊಡಬೇಡಿರಿ. ಮೆಂಡೆಲನ ಗಿಡಗಳಲ್ಲಿಯೇ ಒಂದರಲ್ಲಿ ೪೩ ದುಂಡುಕಾಳಿಗೆ ಎರಡೇ ಸುಕ್ಕುಗಾಳು ಸಿಕ್ಕಿದ್ದವು. ಇನ್ನೊಂದರಲ್ಲಿ ೧೪ ದುಂಡು, ೧೫ ಸುಕ್ಕು. ಆತನು ಎರಡನ್ನೂ ಹಾಗೆಯೇ ಬರೆದಿಟ್ಟನು. ಎಣಿಕೆ ಚಿಕ್ಕದಾದಷ್ಟೂ ಏರುಪೇರು ಹೆಚ್ಚು. ದೊಡ್ಡದಾದಂತೆಲ್ಲ ನಿಯಮ ಸ್ಪಷ್ಟವಾಗುತ್ತದೆ. ಈ ಮಾತು ಮುಂದಿನ ಆಟಗಳಿಗೆಲ್ಲ ಕೀಲಿಕೈ.

ಎರಡನೆಯ ಆಟ ಹೆಣ್ಣು ಗಂಡಿನದು. ಈಗ ತಾಯಿಯ ಡಬ್ಬಿಯಲ್ಲಿ ಕೆಂಪು ಕಾಳುಗಳನ್ನು ಮಾತ್ರ ಇಡಬೇಕು. ತಂದೆಯ ಡಬ್ಬಿಯಲ್ಲಿ ಕೆಂಪು ಅರ್ಧ, ಬಿಳಿ ಅರ್ಧ. ಸ್ತ್ರೀಯ ಕೋಶಗಳಲ್ಲಿ ಎಕ್ಸ್ ಎಂಬ ವರ್ಣತಂತು ಎರಡಿದ್ದರೆ, ಪುರುಷನಲ್ಲಿ ಎಕ್ಸ್ ಒಂದು, ವೈ ಎಂಬ ಗಿಡ್ಡನೆಯದು ಒಂದು. ಕೆಂಪು ಕಾಳು ಎಕ್ಸ್, ಬಿಳಿ ಕಾಳು ವೈ. ಎರಡೂ ಕೆಂಪಾದರೆ ಹೆಣ್ಣು, ಕೆಂಪು ಬಿಳಿಯಾದರೆ ಗಂಡು. ಅಮೆರಿಕದ ನೆಟೀ ಸ್ಟೀವನ್ಸ್ ಎಂಬ ವಿದುಷಿಯು ೧೯೦೫ರಲ್ಲಿ ಹಿಟ್ಟಿನಲ್ಲಿ ಬೀಳುವ ಒಂದು ಜಾತಿಯ ಹುಳುವಿನ ಕೋಶಗಳನ್ನು ಪರೀಕ್ಷಿಸಿ ಈ ಭೇದವನ್ನು ಎತ್ತಿ ತೋರಿಸಿದಳು.

ಹತ್ತು ಇಪ್ಪತ್ತು ಸಾರಿ ಕಾಳು ತೆಗೆದ ಮೇಲೆ ಮಕ್ಕಳನ್ನು ಕೇಳಿರಿ: ತಾಯಿಯ ಡಬ್ಬಿಯಿಂದ ಯಾವಾಗಲೂ ಬಂದದ್ದು ಏನು? ಕೆಂಪು. ಹಾಗಾದರೆ ಹೆಣ್ಣೋ ಗಂಡೋ ಎಂಬುದು ಯಾವ ಡಬ್ಬಿಯಿಂದ ತೀರ್ಮಾನವಾಯಿತು? ತಂದೆಯದರಿಂದ. ಇಷ್ಟು ಹೇಳಿ ನಿಲ್ಲಿಸಬಾರದು. ಇಲ್ಲವಾದರೆ ಸೊಸೆಯ ಮೇಲಿದ್ದ ದೂರು ಮಗನ ತಲೆಗೆ ಬಂದೀತು. ತಂದೆಯ ಡಬ್ಬಿಗೂ ಕೈ ಹೋದದ್ದು ಕಣ್ಣುಮುಚ್ಚಿಯೇ. ಅಲ್ಲಿ ಆರಿಸಿದವರು ಯಾರೂ ಇಲ್ಲ. ಮತ್ತೆ, ಸತತವಾಗಿ ಮೂರು ಹೆಣ್ಣು ಬಂದ ಕಡೆಯೆಲ್ಲ ಗುರುತುಮಾಡಿ ಅದರ ಮುಂದಿನದು ಏನು ಬಂತೆಂದು ನೋಡಲಿ. ಸರಿಸುಮಾರಾಗಿ ಅರ್ಧ ಹೆಣ್ಣು, ಅರ್ಧ ಗಂಡು. ಡಬ್ಬಿಗೆ ಹಿಂದಿನದರ ನೆನಪಿಲ್ಲ. ನಾಲ್ಕು ಮಕ್ಕಳಿರುವ ಹದಿನಾರು ಮನೆಗಳನ್ನು ತೆಗೆದುಕೊಂಡರೆ ಸರಾಸರಿ ಒಂದು ಮನೆಯಲ್ಲಿ ನಾಲ್ವರೂ ಹೆಣ್ಣುಮಕ್ಕಳಿರುವುದು ಲೆಕ್ಕಕ್ಕೆ ಸರಿಯಾದುದೇ. ಅದರಲ್ಲಿ ಶಾಪವೂ ಇಲ್ಲ, ದೋಷವೂ ಇಲ್ಲ. ಹುಟ್ಟುವ ಮುನ್ನವೇ ಲಿಂಗವನ್ನು ತಿಳಿದು ಹೆಣ್ಣನ್ನು ತೊಡೆದುಹಾಕುವುದನ್ನು ತಡೆಯಲು ನಮ್ಮ ದೇಶವು ೧೯೯೪ರಲ್ಲಿ ಕಾಯಿದೆಯನ್ನೇ ಮಾಡಬೇಕಾಯಿತೆಂಬುದನ್ನು ನೆನೆದರೆ, ಈ ಕಾಳಿನಾಟವು ಬರಿಯ ವಿನೋದವಲ್ಲವೆಂಬುದು ಮನಸ್ಸಿಗೆ ಬರುತ್ತದೆ.

ಮೂರನೆಯದು ಮೈಬಣ್ಣದ ಆಟ. ಬಟಾಣಿಯ ಸುಕ್ಕಿನಂತೆ ಮೈಬಣ್ಣವು ಒಂದು ಜೋಡಿ ವಾಹಿಗಳಿಂದ ಆಗುವುದಲ್ಲ. ಅನೇಕ ವಾಹಿಗಳು ಸೇರಿ, ಬಿಸಿಲೂ ಸೇರಿ ಆಗತಕ್ಕದ್ದು. ಎತ್ತರವೂ ಹಾಗೆಯೇ, ಅಲ್ಲಿ ಊಟವೂ ಸೇರುತ್ತದೆ. ಇದನ್ನು ತೋರಿಸಲು ತಂದೆಗೆ ನಾಲ್ಕು, ತಾಯಿಗೆ ನಾಲ್ಕು ಬಟ್ಟಲುಗಳನ್ನಿಟ್ಟು, ಪ್ರತಿಯೊಂದರಲ್ಲಿಯೂ ಒಂದು ಕೆಂಪು, ಒಂದು ಬಿಳಿ ಕಾಳನ್ನು ಹಾಕಿರಿ. ಎಂಟು ಬಟ್ಟಲುಗಳಿಂದಲೂ ಕಣ್ಣುಮುಚ್ಚಿ ಒಂದೊಂದನ್ನು ತೆಗೆದರೆ ಒಂದು ಮಗುವಿಗೆ ಎಂಟು ಕಾಳು. ಅವುಗಳಲ್ಲಿ ಕೆಂಪೆಷ್ಟು ಎಂದು ಎಣಿಸಿ ಬರೆಯಬೇಕು. ಕೆಂಪು ಹೆಚ್ಚಿದಷ್ಟೂ ಬಣ್ಣ ಕಪ್ಪು ಎಂದು ಇಟ್ಟುಕೊಳ್ಳೋಣ. ಲೆಕ್ಕದ ಪ್ರಕಾರ ೨೫೬ ಸಾರಿಯಲ್ಲಿ ೧೮೨ ಸಾರಿ ಕೆಂಪು ಮೂರರಿಂದ ಐದರೊಳಗೆ ಬರುತ್ತದೆ. ಎಂಟೂ ಕೆಂಪಾಗುವುದು ಒಂದೇ ಸಾರಿ, ಒಂದೂ ಕೆಂಪಿಲ್ಲದಿರುವುದು ಒಂದೇ ಸಾರಿ. ಒಬ್ಬರೇ ತಂದೆತಾಯಿಯ ಮಕ್ಕಳಲ್ಲಿ ಒಬ್ಬಳು ಎಣ್ಣೆಗಪ್ಪು, ಒಬ್ಬಳು ಗೋಧಿ ಬಣ್ಣವಾಗುವುದು ಹೇಗೆಂದು ಇದರಿಂದ ಕಾಣಬಹುದು. ನಿಜವಾದ ವಾಹಿಗಳ ಸಂಖ್ಯೆ ನಾಲ್ಕಕ್ಕಿಂತ ಬಹಳ ಹೆಚ್ಚೆಂಬುದನ್ನು ಮಾತ್ರ ಮಕ್ಕಳಿಗೆ ಹೇಳಿರಬೇಕು. ಕಪ್ಪು ಹುಡುಗಿಯೊಬ್ಬಳು ಮನೆಯಲ್ಲಿದ್ದರೆ ಈ ಆಟವನ್ನು ಆಡಿಸುವ ಕೆಲಸವನ್ನು ಅವಳಿಗೇ ಒಪ್ಪಿಸುವುದು ಒಳ್ಳೆಯದು. ಬಟ್ಟಲುಗಳಿಗೆ ತನ್ನ ಕೈಯನ್ನೇ ಹಾಕಿ ನೋಡಿದವಳು, “ನೀನು ಯಾರ ಹಾಗಾದೆ?” ಎಂಬ ಮಾತಿಗೆ ಮುಂದೆ ಅಷ್ಟಾಗಿ ನೋಯಲಾರಳು.

ನಾಲ್ಕನೆಯ ಆಟವನ್ನು ಹದಿಮೂರು ಹದಿನಾಲ್ಕು ದಾಟಿದ ಮಕ್ಕಳೊಡನೆ ಆಡಬೇಕು, ಏಕೆಂದರೆ ಅದು ಕಾಯಿಲೆಯ ವಿಷಯ. ಡಬ್ಬಿಗಳು ಮೊದಲನೆಯ ಆಟದಲ್ಲಿದ್ದಂತೆಯೇ ಇರಲಿ. ಆದರೆ ಬಿಳಿಯ ಕಾಳು ಈಗ ಕಾಯಿಲೆಯ ವಾಹಿ. ಒಂದು ಬಿಳಿ ಮಾತ್ರ ಇರುವವನು ಸಾಮಾನ್ಯವಾಗಿ ಆರೋಗ್ಯದಿಂದಿರುತ್ತಾನೆ. ತನ್ನಲ್ಲಿ ಅದು ಅಡಗಿದೆಯೆಂಬುದೂ ಅವನಿಗೆ ತಿಳಿದಿರುವುದಿಲ್ಲ. ಎರಡೂ ಬಿಳಿಯಾದರೆ ಕಾಯಿಲೆ ಹೊರಬೀಳುತ್ತದೆ. ಥಲಸ್ಸೇಮಿಯವೂ, ಕೆಂಪು ರಕ್ತಕಣಗಳು ಕುಡಗೋಲಿನಂತೆ ಬಾಗುವ ಸಿಕಲ್ ಸೆಲ್ ಎಂಬ ರೋಗವೂ ಈ ಬಗೆಯವು. ನಾಲ್ಕು ನಾಲ್ಕು ಜೋಡಿಗಳನ್ನು ಒಂದೊಂದು ಸಂಸಾರವೆಂದು ಬರೆಯುತ್ತ ಹೋದರೆ ಒಂದು ವಿಚಿತ್ರ ಕಂಡುಬರುತ್ತದೆ. ನಾಲ್ಕರಲ್ಲಿ ಒಂದು ಎಂಬುದು ನಿಯಮವಾದರೂ ಎಲ್ಲ ಸಂಸಾರದಲ್ಲಿಯೂ ಒಂದೊಂದೇ ಕಾಯಿಲೆಯ ಮಗು ಇರುವುದಿಲ್ಲ. ನೂರು ಸಂಸಾರಗಳಲ್ಲಿ ಸುಮಾರು ೩೨ರಲ್ಲಿ ಒಂದೂ ಇರುವುದಿಲ್ಲ. ಕೆಲವು ಸಂಸಾರಗಳಲ್ಲಿ ಎರಡೋ ಮೂರೋ ಇರುತ್ತವೆ. ಡಬ್ಬಿಗಳೆಲ್ಲ ಒಂದೇ ತರವಾಗಿದ್ದರೂ ಒಂದು ಮನೆ “ಪುಣ್ಯವಂತರ ಮನೆ” ಎನಿಸಿಕೊಳ್ಳುವುದು, ಇನ್ನೊಂದು “ಶಾಪದ ಮನೆ” ಎನಿಸಿಕೊಳ್ಳುವುದು ಎಷ್ಟು ಅಸಂಗತವೆಂಬುದನ್ನು ಮಕ್ಕಳೇ ಹೇಳುತ್ತಾರೆ. ಒಂದು ಮಗುವಿಗೆ ಕಾಯಿಲೆ ಬಂದಿದೆ, ಇನ್ನು ಮೂವರು ಕ್ಷೇಮವೆಂದು ಧೈರ್ಯತಾಳುವುದೂ ಸಲ್ಲದೆಂದು ಇದರಿಂದಲೇ ತಿಳಿಯುತ್ತದೆ.

ನಮ್ಮಲ್ಲಿ ಅಕ್ಕನ ಮಗಳನ್ನು ತರುವ ವಾಡಿಕೆಯುಂಟು. ಸೋದರತ್ತೆಯ ಮಗ, ಸೋದರಮಾವನ ಮಗಳ ಸಂಬಂಧವೂ ಉಂಟು. ಸೋದರಮಾವನಲ್ಲಿ ತನ್ನ ತಂದೆಯಿಂದಲೋ ತಾಯಿಯಿಂದಲೋ ಬಂದ ಅಪರೂಪದ ಬಿಳಿಯ ಕಾಳೊಂದಿದ್ದರೆ, ಅದು ಅವನ ಅಕ್ಕನಿಗೂ ಬಂದಿರುವ ಸಂಭವ ಎರಡರಲ್ಲಿ ಒಂದು, ಅವಳಿಂದ ಮಗಳಿಗೆ ಇಳಿದಿರುವ ಸಂಭವ ಅದರಲ್ಲಿ ಅರ್ಧ. ಅಂದರೆ ನಾಲ್ಕರಲ್ಲಿ ಒಂದು. ಅತ್ತೆಯ ಮಗ, ಮಾವನ ಮಗಳಾದರೆ ಮೆಟ್ಟಿಲು ಒಂದು ಹೆಚ್ಚಾಗಿ ಎಂಟರಲ್ಲಿ ಒಂದು. ಹೊರಗಿನ ಸಂಬಂಧದಲ್ಲಿ ಅದೇ ಅಪರೂಪದ ವಾಹಿ ಎದುರಾಗುವ ಸಂಭವ ಇದಕ್ಕಿಂತ ಬಹಳ ಕಡಿಮೆ. ಇಂತಹ ಮದುವೆಗಳಲ್ಲಿ ಹುಟ್ಟಿದ ಮಕ್ಕಳಲ್ಲಿ ಹೆಚ್ಚಿನವರು ಆರೋಗ್ಯವಂತರೇ. ಆಗಿಹೋದ ಮದುವೆಯ ಬಗ್ಗೆ ಯಾರನ್ನೂ ನೋಯಿಸಬೇಕಾದುದಿಲ್ಲ. ಆದರೆ ಹೊಸ ಸಂಬಂಧ ನೋಡುವಾಗ, ಮನೆತನದಲ್ಲಿ ಅಂತಹ ಕಾಯಿಲೆ ಕಂಡಿದ್ದಲ್ಲಿ, ಜಾತಕದೊಡನೆ ರಕ್ತಪರೀಕ್ಷೆಯೂ ಇರಲೆಂದು ಹೇಳುವಷ್ಟು ತಿಳಿವಳಿಕೆ ಮನೆಯಲ್ಲಿರಬೇಕು. ಸಿಕಲ್ ಸೆಲ್ ರೋಗವನ್ನು ತೊಲಗಿಸಲು ಭಾರತ ಸರಕಾರವು ೨೦೨೩ರಲ್ಲಿ ಒಂದು ರಾಷ್ಟ್ರೀಯ ಕಾರ್ಯಕ್ರಮವನ್ನು ಆರಂಭಿಸಿ ಗಿರಿಜನರು ವಾಸಿಸುವ ಪ್ರದೇಶಗಳಲ್ಲಿ ರಕ್ತಪರೀಕ್ಷೆಯನ್ನು ಕೈಗೊಂಡಿತು. ನಮ್ಮ ಮೈಸೂರು, ಚಾಮರಾಜನಗರ, ಕೊಡಗಿನ ಗಿರಿಜನರಲ್ಲಿಯೂ ಈ ರೋಗವುಂಟು. ಪರೀಕ್ಷೆಗೆ ಕೈಯೊಡ್ಡಲು ನಾಚಿಕೆ ಏಕೆ ಬೇಡವೆಂಬುದನ್ನು ಕಾಳಿನ ಡಬ್ಬಿಗಳು ಭಾಷಣಕ್ಕಿಂತ ಚೆನ್ನಾಗಿ ಹೇಳುತ್ತವೆ.

ಕಾಳಿನಾಟ ಎಷ್ಟಾದರೂ ಆಟ. ಜೀವಂತ ಗಿಡದಲ್ಲಿಯೂ ಈ ನಿಯಮ ನಡೆಯುವುದನ್ನು ಮಕ್ಕಳು ಕಣ್ಣಾರೆ ಕಾಣಬೇಕಾದರೆ ಸಂಜೆಮಲ್ಲಿಗೆಯೇ ತಕ್ಕ ಗಿಡ. ಮೆಂಡೆಲನ ಕೆಲಸವನ್ನು ೧೯೦೦ರಲ್ಲಿ ಬೆಳಕಿಗೆ ತಂದವರಲ್ಲಿ ಒಬ್ಬನಾದ ಜರ್ಮನಿಯ ಕಾರ್ಲ್ ಕೊರೆನ್ಸ್ ಪರೀಕ್ಷಿಸಿದ ಗಿಡಗಳಲ್ಲಿ ಇದೂ ಒಂದು. ಕೆಂಪು ಹೂವಿನದೊಂದು, ಬಿಳಿ ಹೂವಿನದೊಂದು ಗಿಡ ಬೇಕು. ಹಳದಿಯದೂ ಪಟ್ಟೆಪಟ್ಟೆಯದೂ ಬೇಡ, ಲೆಕ್ಕ ಸಿಕ್ಕಾಗುತ್ತದೆ. ಮಧ್ಯಾಹ್ನದಲ್ಲಿ, ಅಂದೇ ಅರಳಲಿರುವ ಕೆಂಪು ಮೊಗ್ಗನ್ನು ಸೂಜಿಯಿಂದ ಮೆಲ್ಲನೆ ಸೀಳಿ ಒಳಗಿನ ಕೇಸರಗಳನ್ನೆಲ್ಲ ತೆಗೆದುಬಿಡಿರಿ. ನಡುವೆ ಇರುವ ಉದ್ದನೆಯ ಶಲಾಕೆಗೆ ಪೆಟ್ಟಾಗಬಾರದು. ಸಂಜೆ ಬಿಳಿ ಹೂ ಅರಳಿದಾಗ ಅದರ ಪರಾಗವನ್ನು ಈ ಶಲಾಕೆಯ ತುದಿಗೆ ಮುಟ್ಟಿಸಿ, ತೆಳುವಾದ ಬಟ್ಟೆ ಮುಚ್ಚಿ, ಗುರುತಿಗೆ ಬಣ್ಣದ ದಾರ ಕಟ್ಟಿರಿ. ಒಂದು ಹೂವಿಗೆ ಒಂದೇ ಬೀಜ. ಆದಕಾರಣ ಇಪ್ಪತ್ತು ಮೂವತ್ತು ಹೂಗಳಿಗೆ ಹೀಗೆ ಮಾಡಬೇಕು. ಬೀಜ ನೋಡಲು ಕರಿಮೆಣಸಿನಂತಿದ್ದರೂ ವಿಷಕರವಾದುದು. ಚಿಕ್ಕ ಮಕ್ಕಳ ಬಾಯಿಗೆ ಹೋಗದಂತೆ ಜೋಪಾನವಿರಲಿ.

ಗಿಡಗಳು ಶುದ್ಧವಾದ ತಳಿಯವಾಗಿದ್ದರೆ ಈ ಬೀಜಗಳಿಂದ ಬೆಳೆದ ಗಿಡಗಳು ನಸುಗೆಂಪು ಹೂ ಬಿಡುತ್ತವೆ. “ಹಾಲು ಡಿಕಾಕ್ಷನ್ ಬೆರೆತೇ ಬಿಟ್ಟಿತಲ್ಲ!” ಎಂದು ಮಕ್ಕಳು ಕೂಗಿದರೆ, “ಇನ್ನೊಂದು ಪೀಳಿಗೆ ತಡೆಯಿರಿ” ಎನ್ನಿರಿ. ಆ ನಸುಗೆಂಪು ಹೂವಿಗೆ ಅದೇ ಗಿಡದ ಪರಾಗವೇ ಮುಟ್ಟಿ ಆದ ಬೀಜಗಳನ್ನು ಬಿತ್ತಿದಾಗ, ನಾಲ್ಕು ಪಾಲಿನಲ್ಲಿ ಎರಡು ಪಾಲು ನಸುಗೆಂಪು, ಒಂದು ಪಾಲು ಅಜ್ಜಿಯ ಅಚ್ಚಗೆಂಪು, ಒಂದು ಪಾಲು ಅಜ್ಜನ ಅಚ್ಚಬಿಳುಪು ಮರಳಿ ಬರುತ್ತವೆ. ಬೆರೆತಂತೆ ಕಂಡದ್ದು ಬೆರೆತಿರಲಿಲ್ಲ. ಗಿಡ ಶುದ್ಧತಳಿಯದಲ್ಲದೆ ಬೇರೆ ಬಣ್ಣ ಬಂದರೂ ಬೇಸರಿಸಬಾರದು. ತಂದೆತಾಯಿಯಲ್ಲಿ ಏನು ಅಡಗಿತ್ತೆಂದು ಹಿಂದಕ್ಕೆ ಲೆಕ್ಕಹಾಕುವುದೂ ಒಳ್ಳೆಯ ಪಾಠವೇ. ಎರಡು ಪೀಳಿಗೆ ಮುಗಿಯಲು ಒಂದು ವರ್ಷ ಬೇಕಾದೀತು. ಆ ತಾಳ್ಮೆಯೂ ವಿದ್ಯೆಯ ಒಂದು ಭಾಗ. ಮಂಡ್ಯದ ಕೃಷಿಕ್ಷೇತ್ರದಲ್ಲಿ ಲಕ್ಷ್ಮಣಯ್ಯನವರು ರಾಗಿಯ ಅತಿ ಸಣ್ಣ ಹೂಗಳಲ್ಲಿ ಇದೇ ಕೆಲಸವನ್ನು ವರ್ಷಗಟ್ಟಲೆ ನಡೆಸಿ, ಭಾರತದ ರಾಗಿಗೂ ಆಫ್ರಿಕದ ರಾಗಿಗೂ ಸಂಬಂಧ ಕಲ್ಪಿಸಿ ಇಂಡಾಫ್ ತಳಿಗಳನ್ನು ಹೊರತಂದರು. ಮಕ್ಕಳು ಉಣ್ಣುವ ಮುದ್ದೆಗೂ ಈ ಪಾಠಕ್ಕೂ ನಂಟುಂಟೆಂದು ಊಟದ ಹೊತ್ತಿನಲ್ಲಿ ಹೇಳಿದರೆ ಚೆನ್ನಾಗಿ ನಾಟುತ್ತದೆ.

ಮಾಡಬಾರದ ಒಂದೆರಡು ಸಂಗತಿಗಳೂ ಉಂಟು. ನಾಲಗೆಯನ್ನು ಕೊಳವೆಯಂತೆ ಸುರುಳಿಮಾಡಲು ಬರುವುದೇ, ಕಿವಿಯ ಹಾಲೆ ಜೋತಿದೆಯೇ ಅಂಟಿದೆಯೇ ಎಂದು ಮನೆಮಂದಿಯನ್ನೆಲ್ಲ ಪರೀಕ್ಷಿಸಿ ಪಟ್ಟಿಮಾಡುವ ಪದ್ಧತಿ ಬಹುಕಾಲದಿಂದ ಪಾಠಪುಸ್ತಕಗಳಲ್ಲಿದೆ. ಈ ಗುಣಗಳು ಒಂದು ಜೋಡಿ ವಾಹಿಯಿಂದ ಆಗುವುವಲ್ಲ. ನಾಲಗೆಯ ವಿಷಯವನ್ನು ೧೯೪೦ರಲ್ಲಿ ಹಾಗೆಂದು ಬರೆದಿದ್ದರು. ೧೯೫೨ರಲ್ಲಿ ತದ್ರೂಪಿ ಅವಳಿಗಳನ್ನು ಪರೀಕ್ಷಿಸಿದಾಗ ಕೆಲವು ಜೋಡಿಗಳಲ್ಲಿ ಒಬ್ಬರಿಗೆ ಬಂದು ಇನ್ನೊಬ್ಬರಿಗೆ ಬರಲಿಲ್ಲ. ತಪ್ಪು ಪಾಠದಿಂದ, “ಅಪ್ಪ ಅಮ್ಮ ಇಬ್ಬರಿಗೂ ಬಾರದುದು ನನಗೆ ಹೇಗೆ ಬಂತು? ನಾನು ಈ ಮನೆಯ ಮಗುವೇ ಅಲ್ಲವೇನು?” ಎಂಬ ಮುಳ್ಳು ಎಳೆಯ ಮನಸ್ಸಿನಲ್ಲಿ ಮುರಿದುಕೊಳ್ಳಬಹುದು. ದತ್ತುಬಂದ ಮಗುವಿರುವ ಮನೆಯಲ್ಲಿಯೂ ತರಗತಿಯಲ್ಲಿಯೂ ಈ ಜಾಗರೂಕತೆ ಇನ್ನೂ ಹೆಚ್ಚಾಗಿ ಬೇಕು. ಕಾಳುಗಳಿಗೆ ಹೆಸರೂ ಗೋತ್ರವೂ ಇಲ್ಲದಿರುವುದೇ ಅವುಗಳ ದೊಡ್ಡ ಅನುಕೂಲ. ಕಲಿಯಬೇಕಾದುದನ್ನೆಲ್ಲ ಅವುಗಳಿಂದಲೇ ಕಲಿಯಬಹುದು.

ನೂಲಿನಂತೆ ಸೀರೆ, ತಾಯಿಯಂತೆ ಮಗಳು ಎಂಬ ಗಾದೆಯನ್ನು ನಾವೆಲ್ಲರೂ ಬಲ್ಲೆವು. ನೂಲು ಎರಡು ಮನೆಗಳಿಂದ ಬರುತ್ತದೆ, ಯಾವ ಎಳೆ ಬರುವುದೆಂಬುದು ಯಾರ ಕೈಯಲ್ಲಿಯೂ ಇಲ್ಲ, ನೇಯುವ ಕೆಲಸವಾದರೋ ಊಟ ವಿದ್ಯೆ ಪ್ರೀತಿಗಳ ಮೂಲಕ ಮನೆಯಲ್ಲಿಯೇ ನಡೆಯುತ್ತದೆ ಎಂಬಷ್ಟನ್ನು ಆ ಗಾದೆಗೆ ಕೂಡಿಸಿಕೊಂಡರೆ ಸಾಕು. ಮುಂದಿನ ಭಾನುವಾರ ಮಧ್ಯಾಹ್ನ ಡಬ್ಬಿಗಳನ್ನು ನಡುಮನೆಗೆ ತಂದಿಡಿರಿ. ಮಕ್ಕಳ ಜೊತೆಗೆ ಅಜ್ಜ ಅಜ್ಜಿಯರನ್ನೂ ಕೂರಿಸಿಕೊಳ್ಳಿರಿ. ಎರಡನೆಯ ಆಟದ ಸಮಯದಲ್ಲಂತೂ ಅವರು ಇರಲೇಬೇಕು. ತಾಯಿಯ ಡಬ್ಬಿಗೆ ಕೈಹಾಕುವ ಸರದಿಯನ್ನು ಅಜ್ಜಿಗೆ ಕೊಟ್ಟು, ಬರುವ ಕಾಳಿನ ಬಣ್ಣವನ್ನು ಅವರ ಬಾಯಿಂದಲೇ ಹೇಳಿಸಿರಿ.